ಮರದ ಪಾತ್ರಕ್ಕೆ ನಿಂತ ಮಕ್ಕಳಿಗೂ ಮಾತು ಸಿಗಲಿ

(ಶಿವಮೊಗ್ಗ ಜಿಲ್ಲೆಯ ಪ್ರಾಥಮಿಕ ಮತ್ತು ಪ್ರೌಢಶಾಲಾ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಡಿಸೆಂಬರ್ ಬಂತೆಂದರೆ ನಮ್ಮ ಶಾಲೆಗಳಲ್ಲಿ ನಾಟಕ ಶುರುವಾಗುತ್ತದೆ. ಸ್ಕೂಲ್ ಡೇ ಹತ್ತಿರ ಬಂದಿರುತ್ತದೆ. ಯಾರು ಜೋರಾಗಿ ಮಾತಾಡುತ್ತಾರೆ, ಯಾರು ಬೇಗ ಬಾಯಿಪಾಠ ಮಾಡುತ್ತಾರೆ ಅಂತ ನೋಡಿ ಆರಿಸುತ್ತೇವೆ. ರಾಜ, ಮಂತ್ರಿ, ರಾಣಿ ಪಾತ್ರಗಳು ಅವರಿಗೆ. ಉಳಿದವರಲ್ಲಿ ನಾಲ್ಕು ಜನ ಸೈನಿಕರು, ಇಬ್ಬರು ಮರ. ಮಿಕ್ಕವರೆಲ್ಲ ಚಾಪೆ ಮೇಲೆ ಕೂತು ನೋಡುವವರು. ಹದಿನೈದು ದಿನ ಪಾಠ ನಿಲ್ಲುತ್ತದೆ, ಬಾಡಿಗೆ ವೇಷ ಬರುತ್ತದೆ, ಮೈಕ್ ಕೈಕೊಡುತ್ತದೆ, ಹೇಗೋ ಕಾರ್ಯಕ್ರಮ ಮುಗಿಯುತ್ತದೆ. ಮತ್ತೆ ಮುಂದಿನ ಡಿಸೆಂಬರ್‌ವರೆಗೆ ಆ ಶಾಲೆಯಲ್ಲಿ ನಾಟಕ ಇಲ್ಲ.

ಈ ಎಲ್ಲ ಕೆಲಸವನ್ನು ನೀವು ಎಷ್ಟು ಕಷ್ಟಪಟ್ಟು ಮಾಡುತ್ತೀರಿ ಅಂತ ನನಗೆ ಗೊತ್ತು. ಸ್ಕೂಲ್ ಡೇ ಬೇಡ ಅಂತ ನಾನು ಹೇಳುವುದಿಲ್ಲ. ಊರಿನವರು ಬಂದು ತಮ್ಮ ಮಕ್ಕಳನ್ನು ನೋಡುವ ಸಂತೋಷ ದೊಡ್ಡದು. ಆದರೆ ಒಂದು ವಿಷಯ ಗಮನಿಸಿ. ಮಾತು ಬರುವ ಮಗುವಿಗೇ ಮತ್ತೆ ಮಾತು ಕೊಡುತ್ತಿದ್ದೇವೆ. ನಾಟಕ ನಿಜವಾಗಿ ಬೇಕಾಗಿರುವುದು ಆ ಮರದ ಪಾತ್ರಕ್ಕೆ ನಿಂತ ಹುಡುಗಿಗೆ, ಚಾಪೆಯ ಕೊನೆಯಲ್ಲಿ ಕೂತ ಹುಡುಗನಿಗೆ. ಅವರಿಗೆ ಅದು ಸಿಗುತ್ತಿಲ್ಲ.

ಪ್ರತಿಭಾ ಕಾರಂಜಿಯಲ್ಲೂ ಇದೇ ತೊಂದರೆ ಇದೆ. ಕ್ಲಸ್ಟರ್‌ನಿಂದ ರಾಜ್ಯಮಟ್ಟದವರೆಗೆ ಹಳ್ಳಿಯ ಮಕ್ಕಳಿಗೆ ವೇದಿಕೆ ಕೊಟ್ಟ ಕಾರ್ಯಕ್ರಮ ಅದು, ಅದರ ಬಗ್ಗೆ ನನಗೆ ಗೌರವ ಇದೆ. ಆದರೆ ಅದು ಸ್ಪರ್ಧೆ. ಪ್ರತಿ ಹಂತದಲ್ಲೂ ಒಬ್ಬರು ಮುಂದೆ ಹೋಗುತ್ತಾರೆ, ಉಳಿದವರು ಮನೆಗೆ ಹೋಗುತ್ತಾರೆ. ನಾನು ಇವತ್ತು ಮಾತಾಡಬೇಕೆಂದಿರುವುದು ಉಳಿದವರ ಬಗ್ಗೆ. ವಾರಕ್ಕೆ ಒಂದು ಪೀರಿಯಡ್, ವೇದಿಕೆ ಇಲ್ಲದೆ, ವೇಷ ಇಲ್ಲದೆ, ತರಗತಿಯ ಪ್ರತಿಯೊಂದು ಮಗುವೂ ಮಾಡುವ ನಾಟಕ ಮತ್ತು ಚಿತ್ರ. ಅದು ಹೇಗೆ ನಡೆಯುತ್ತದೆ ಅಂತ ಒಂದು ಪಾಠವನ್ನೇ ತೆಗೆದುಕೊಂಡು ಹೇಳುತ್ತೇನೆ.

ಗೋವಿನ ಹಾಡು ನಮ್ಮ ಎಲ್ಲ ಮಕ್ಕಳಿಗೂ ಗೊತ್ತು. ಅದನ್ನು ನಾಟಕ ಮಾಡಿಸಿ ಅಂದರೆ ನಾವು ಏನು ಮಾಡುತ್ತೇವೆ? ಒಬ್ಬಳು ಪುಣ್ಯಕೋಟಿ, ಒಬ್ಬ ಹುಲಿ, ಒಬ್ಬ ಕಾಳಿಂಗ ಗೊಲ್ಲ, ಒಂದು ಪುಟ್ಟ ಮಗು ಕರು. ಹಿಂದೆ ಹಾಡು ಹಾಕುತ್ತೇವೆ. ನಾಲ್ಕು ಪಾತ್ರ ಮುಗಿಯಿತು. ಈಗ ಪದ್ಯದ ಬೇರೊಂದು ಜಾಗಕ್ಕೆ ಬನ್ನಿ. ಪುಣ್ಯಕೋಟಿ ದೊಡ್ಡಿಗೆ ವಾಪಸ್ ಬಂದು ಉಳಿದ ಹಸುಗಳಿಗೆ ತನ್ನ ಕರುವನ್ನು ನೋಡಿಕೊಳ್ಳಿ ಅಂತ ಒಪ್ಪಿಸುತ್ತಾಳೆ. ನಾವು ತರಗತಿಯಲ್ಲಿ ಓದುವ ಭಾಗದಲ್ಲಿ ಆ ಹಸುಗಳಿಗೆ ಹೆಚ್ಚು ಮಾತಿಲ್ಲ. ನಲವತ್ತು ಮಕ್ಕಳ ತರಗತಿಗೆ ನಾಟಕ ಇರುವುದು ಅಲ್ಲೇ. ಇಡೀ ತರಗತಿಯೇ ಆ ಹಸುಗಳ ಮಂದೆ.

ಮೊದಲು ಬೆಂಚುಗಳನ್ನು ಗೋಡೆಗೆ ಸರಿಸಿ, ಆಗದಿದ್ದರೆ ಮರದ ಕೆಳಗೆ ಹೋಗಿ. ಒಂದು ತಮಟೆ ಇರಲಿ, ಇಲ್ಲದಿದ್ದರೆ ಬಿಸಿಯೂಟದ ತಟ್ಟೆ ಸಾಕು. ತಟ್ಟೆ ಬಡಿಯುವಾಗ ನಡೆಯಬೇಕು, ನಿಲ್ಲಿಸಿದಾಗ ಇದ್ದಲ್ಲೇ ಕಲ್ಲಾಗಬೇಕು. ಮಕ್ಕಳು ಇದನ್ನು ಸ್ಟ್ಯಾಚ್ಯೂ ಆಟ ಅಂತ ಬೀದಿಯಲ್ಲಿ ಆಡಿಯೇ ಇರುತ್ತಾರೆ. ಈ ಆಟ ಸುಮ್ನೆ ಸಮಯ ಕಳೆಯುವುದಕ್ಕಲ್ಲ. ಗಲಾಟೆಯನ್ನು ಹಿಡಿತಕ್ಕೆ ತರುವ ಬ್ರೇಕ್ ಇದು. ಇದು ಕೈಗೆ ಬರುವವರೆಗೆ ಮುಂದಕ್ಕೆ ಹೋಗಬೇಡಿ.

ಆಮೇಲೆ ಐದೈದು ಮಕ್ಕಳ ಗುಂಪು. ಸಂಜೆ ಹೊತ್ತು ಹಸುಗಳು ಮನೆಗೆ ಬರುವ ಒಂದು ನೋಟವನ್ನು ಮೈಯಲ್ಲೇ ಕಟ್ಟಿ, ಅಲುಗಾಡದೆ ನಿಲ್ಲಿ ಅನ್ನಿ. ಮಾತು ಬೇಡ. ಮಾತಿಗೆ ಹೆದರುವ ಮಗು ಇಲ್ಲಿ ಹೆದರುವುದಿಲ್ಲ. ದನ ಕಟ್ಟುವ ಮನೆಯಿಂದ ಬಂದ ಮಕ್ಕಳು ಈ ಹೊತ್ತಿಗೆ ಕ್ಲಾಸಿನ ಗುರುಗಳಾಗಿಬಿಡುತ್ತಾರೆ. ಹಸು ಕರುವನ್ನು ಮೂಸುವುದು ಹೇಗೆ, ಕೊಟ್ಟಿಗೆಯಲ್ಲಿ ಕಾಲು ಮಡಚಿ ಮಲಗುವುದು ಹೇಗೆ ಅಂತ ಅವರಷ್ಟು ಚೆನ್ನಾಗಿ ಯಾರಿಗೆ ಗೊತ್ತು?

ಈಗ ನೀವು ಒಂದು ಶಾಲು ಹೊದ್ದುಕೊಳ್ಳಿ. ಶಾಲು ಹೆಗಲ ಮೇಲಿದ್ದರೆ ನಾನು ಪುಣ್ಯಕೋಟಿ, ತೆಗೆದರೆ ಟೀಚರ್ ಅಂತ ಮೊದಲೇ ಹೇಳಿರಿ. ಮಂದೆಯ ನಡುವೆ ಬಂದು, 'ಅಕ್ಕಂದಿರೇ, ನಾನು ಹುಲಿಗೆ ಮಾತು ಕೊಟ್ಟು ಬಂದಿದ್ದೇನೆ. ಈಗ ಹೊರಡಬೇಕು' ಅನ್ನಿ. ಅಷ್ಟೇ. ಆಮೇಲೆ ಕಾಯಿರಿ. ಈ ಕಾಯುವುದು ನಮಗೆ ಬಹಳ ಕಷ್ಟ, ಉತ್ತರ ಬರುವ ಮುಂಚೆ ನಾವೇ ಉತ್ತರ ಹೇಳಿ ರೂಢಿ. ಆದರೆ ಕಾದರೆ ಮಾತು ಬರುತ್ತದೆ. 'ಹೋಗ್ಬೇಡ, ಹುಲಿ ಇಲ್ಲೀತನಕ ಬರಲ್ಲ.' 'ನಾವೆಲ್ಲ ಸೇರಿ ಹೋಗೋಣ, ಕೊಂಬಲ್ಲಿ ತಿವಿಯೋಣ.' 'ಹೆದರಿಸಿ ಇಸ್ಕೊಂಡ ಮಾತು, ಅದು ಮಾತೇ ಅಲ್ಲ.' ಐದನೇ ಕ್ಲಾಸಿನ ಮಕ್ಕಳಿಂದ ನಾನು ಕೇಳಿದ ಮಾತುಗಳಿವು. ಮೂರನೆಯದನ್ನು ಮತ್ತೊಮ್ಮೆ ಯೋಚಿಸಿ ನೋಡಿ. ಒತ್ತಾಯದಲ್ಲಿ ಕೊಟ್ಟ ಮಾತಿಗೆ ಬೆಲೆ ಇದೆಯಾ ಅನ್ನುವುದು ಕೋರ್ಟುಗಳಲ್ಲಿ ಕೇಳುವ ಪ್ರಶ್ನೆ. ಒಂದು ಸಲ ಹಿಂದಿನ ಸಾಲಿನ ಒಬ್ಬ ಹುಡುಗಿ, ಆವರೆಗೆ ಬಾಯೇ ಬಿಡದಿದ್ದವಳು, 'ಬೆಳಿಗ್ಗೆ ಕರು ನಿನ್ನ ಕೇಳಿದ್ರೆ ನಾವೇನು ಹೇಳೋದು?' ಅಂದಳು. ಪುಣ್ಯಕೋಟಿಯಾಗಿದ್ದ ಟೀಚರ್‌ಗೆ ಉತ್ತರ ಹೊಳೆಯಲಿಲ್ಲ. ಹೊಳೆಯಬೇಕಾಗಿಯೂ ಇಲ್ಲ. ಆ ಪ್ರಶ್ನೆ ಹುಟ್ಟಿತಲ್ಲ, ಅದು ಸಾಕು.

ಟೀಚರೇ ಪಾತ್ರದೊಳಗೆ ಇಳಿಯುವ ಈ ದಾರಿಯನ್ನು ಬೆಳೆಸಿದವರು ಇಂಗ್ಲೆಂಡಿನ ಡೊರೊಥಿ ಹೀತ್‌ಕೋಟ್. 14ನೇ ವಯಸ್ಸಿಗೆ ಬಟ್ಟೆ ಗಿರಣಿಯಲ್ಲಿ ಕೆಲಸಕ್ಕೆ ಸೇರಿದ ಹೆಂಗಸು, ಮುಂದೆ ನ್ಯೂಕಾಸಲ್ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರಿಗೆ ಪಾಠ ಹೇಳಿದರು. ಟೀಚರ್ ಹೊರಗೆ ನಿಂತು 'ನೀನು ಹೀಗೆ ಮಾಡು' ಅಂದರೆ ಮಕ್ಕಳು ಟೀಚರ್ ಮುಖ ನೋಡುತ್ತಾರೆ. ಟೀಚರ್ ಒಳಗೆ ಬಂದು ಕಷ್ಟದಲ್ಲಿ ಸಿಕ್ಕಿಕೊಂಡು ನಿಂತರೆ, ಮಕ್ಕಳು ಆ ಕಷ್ಟವನ್ನು ನೋಡುತ್ತಾರೆ. ಬುದ್ಧಿ ಹೇಳುವ ಕೆಲಸ ಆಗ ಅವರದಾಗುತ್ತದೆ.

ಮುಂದಿನ ಹಂತ ಓಣಿ. ಮಕ್ಕಳು ಎರಡು ಸಾಲಾಗಿ ಎದುರುಬದುರು ನಿಲ್ಲಲಿ. ಒಬ್ಬರು ಪುಣ್ಯಕೋಟಿಯಾಗಿ ನಡುವೆ ನಿಧಾನಕ್ಕೆ ನಡೆದು ಹೋಗಬೇಕು. ಎಡಗಡೆಯವರು ಹೋಗಬೇಡ ಅನ್ನಲು ಒಂದೊಂದು ಕಾರಣ ಹೇಳುತ್ತಾರೆ, ಬಲಗಡೆಯವರು ಹೋಗು ಅನ್ನಲು. ಒಂದೇ ಒಂದು ವಾಕ್ಯ, ಬೇಕಾದರೆ ಪಿಸುಮಾತಿನಲ್ಲಿ. ಪ್ರತಿಯೊಬ್ಬರೂ ಮಾತಾಡಿರುತ್ತಾರೆ, ಯಾರೂ ಸ್ಟೇಜ್ ಹತ್ತಿರುವುದಿಲ್ಲ. ಮುಗಿದ ಮೇಲೆ ನೋಟ್‌ಬುಕ್ ತೆಗೆಸಿ. ಆ ರಾತ್ರಿ ಕರುವಿನ ಪಕ್ಕ ಮಲಗಿದ ದೊಡ್ಡಮ್ಮ ಹಸು ಏನು ಯೋಚಿಸಿತು, ಬರೆಯಿರಿ ಅನ್ನಿ. 'ಗೋವಿನ ಹಾಡಿನ ಸಾರಾಂಶ ಬರೆಯಿರಿ' ಅಂದಾಗ ಮೂರು ಸಾಲಿಗೆ ಪೆನ್ ಇಡುವ ಮಕ್ಕಳು ಒಂದು ಪುಟ ಬರೆಯುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ. ಕನ್ನಡದ ಪೀರಿಯಡ್ ಹಾಳಾಯಿತು ಅಂತ ಯಾರಾದರೂ ಹೇಳಿದರೆ ಆ ನೋಟ್‌ಬುಕ್ ತೋರಿಸಿ.

ಇಲ್ಲೇ ಭಾಷೆಯ ಬಗ್ಗೆ ಒಂದು ಮಾತು. ನಮ್ಮ ಕ್ಲಾಸುಗಳಲ್ಲಿ ಮನೆಯಲ್ಲಿ ಲಂಬಾಣಿ ಆಡುವವರು, ಉರ್ದು ಆಡುವವರು, ತಮಿಳು ಆಡುವವರು ಎಲ್ಲ ಇದ್ದಾರೆ. ಓಣಿಯಲ್ಲಿ ಮಗು ತನ್ನ ಮನೆಮಾತಿನಲ್ಲೇ ಹೇಳಲಿ, ಬಿಡಿ. ತಾಂಡಾದಿಂದ ಬಂದ ಮಗು ಲಂಬಾಣಿಯಲ್ಲಿ 'ಹೋಗಬೇಡ' ಅಂದಾಗ ಆ ದನಿಗೆ ಬರುವ ಗಟ್ಟಿತನ ಬೇರೆ. ಪಕ್ಕದವರು ಅರ್ಥ ಕೇಳುತ್ತಾರೆ, ಅವನು ಹೇಳಿಕೊಡುತ್ತಾನೆ. ವರ್ಷವಿಡೀ ಕನ್ನಡದಲ್ಲಿ ತಪ್ಪು ತಿದ್ದಿಸಿಕೊಂಡವನಿಗೆ ಅದು ಎಷ್ಟು ದೊಡ್ಡ ವಿಷಯ ಯೋಚಿಸಿ.

ಶಬ್ದದ ಕಡೆಗೂ ಬರೋಣ. ರಂಗನಿರ್ದೇಶಕ ಬಿ.ವಿ. ಕಾರಂತರು ಗೊತ್ತಲ್ಲ, ಬಂಟ್ವಾಳದ ಕಡೆಯ ಮಂಚಿಯವರು, ಹುಡುಗನಾಗಿದ್ದಾಗಲೇ ಗುಬ್ಬಿ ನಾಟಕ ಕಂಪನಿ ಸೇರಿದವರು. ಕಲ್ಲು, ಕೋಲು, ಡಬ್ಬ ಏನು ಸಿಕ್ಕರೂ ಅದರಿಂದ ನಾಟಕಕ್ಕೆ ಸಂಗೀತ ಹುಟ್ಟಿಸುತ್ತಿದ್ದರು. ಮಕ್ಕಳ ಜೊತೆ ಅವರು ಮಾಡಿದ ಕೆಲಸ ನಮಗೆಲ್ಲ ದೊಡ್ಡ ಆಸ್ತಿ. ಟ್ಯಾಗೋರರ ಒಂದು ಕಥೆಯಿಂದ ಅವರು ಪಂಜರಶಾಲೆ ನಾಟಕ ಮಾಡಿದರು. ಒಂದು ಗಿಣಿಗೆ ವಿದ್ಯೆ ಕಲಿಸಬೇಕು ಅಂತ ರಾಜ ಹೊರಡುತ್ತಾನೆ. ಚಿನ್ನದ ಪಂಜರ ಬರುತ್ತದೆ, ಪಂಡಿತರು ಬರುತ್ತಾರೆ, ಪುಸ್ತಕದ ಹಾಳೆಗಳನ್ನು ಗಿಣಿಯ ಗಂಟಲಿಗೆ ತುರುಕುತ್ತಾರೆ. ಎಲ್ಲರೂ ಪಂಜರವನ್ನು ಹೊಗಳುತ್ತಾರೆ, ಗಿಣಿಯನ್ನು ಯಾರೂ ನೋಡುವುದಿಲ್ಲ. ಕೊನೆಗೆ ಅದು ಸಾಯುತ್ತದೆ. ಟ್ಯಾಗೋರರು ಈ ಕಥೆ ಬರೆದು 100 ವರ್ಷ ದಾಟಿದೆ. ಇದನ್ನು ಮಕ್ಕಳು ಆಡುವಾಗ ಮುಂದೆ ಕೂತ ನಮಗೆ ಒಳಗೆ ಚುಚ್ಚುತ್ತದೆ. ಚುಚ್ಚಬೇಕು.

ಮಳೆ ಕಟ್ಟುವ ಚಟುವಟಿಕೆ ನಿಮಗೆ ಗೊತ್ತಿರಬಹುದು. ಎಲ್ಲರೂ ಕಣ್ಣು ಮುಚ್ಚಿ, ಅಂಗೈ ಮೇಲೆ ಒಂದು ಬೆರಳಿನಿಂದ ತಟ್ಟುವುದು, ಆಮೇಲೆ ಎರಡು, ಮೂರು, ಪೂರಾ ಚಪ್ಪಾಳೆ, ತೊಡೆ, ಕೊನೆಗೆ ಕಾಲು. ಮತ್ತೆ ಹಾಗೇ ಇಳಿಸುವುದು. ಮಲೆನಾಡಿನವರಾದ ನಾವು ಅಲ್ಲಿಗೇ ನಿಲ್ಲಿಸಬಾರದು. ನಮ್ಮ ಮಕ್ಕಳಿಗೆ ಒಂದೇ ಮಳೆಯಾ ಗೊತ್ತಿರುವುದು? ಸೋನೆ ಮಳೆ ಕಟ್ಟಿ, ಜಡಿಮಳೆ ಕಟ್ಟಿ. ಹೆಂಚಿನ ಮೇಲೆ ಬಿದ್ದ ಮಳೆ, ತಗಡಿನ ಮೇಲೆ ಬಿದ್ದ ಮಳೆ, ಅಡಿಕೆ ತೋಟದೊಳಗೆ ಬಿದ್ದ ಮಳೆ. ಇದಕ್ಕಾಗಿ ಮಕ್ಕಳು ಮನೆಗೆ ಹೋಗಿ ಕಿವಿಗೊಟ್ಟು ಕೇಳಿ ಬರುತ್ತಾರೆ. ಹೋಮ್‌ವರ್ಕ್ ಅಂದರೆ ಇದು.

ಇನ್ನು ಚಿತ್ರ. ಯಾವ ಶಾಲೆಗೆ ಹೋದರೂ ಗೋಡೆಯ ಮೇಲೆ ಒಂದೇ ಚಿತ್ರ ಕಾಣುತ್ತದೆ. ಎರಡು ಗುಡ್ಡ, ನಡುವೆ ಸೂರ್ಯ, ಅಲ್ಲಿಂದ ಇಳಿಯುವ ನದಿ, ಒಂದು ಗುಡಿಸಲು, ಒಂದು ತೆಂಗಿನಮರ, ಆಕಾಶದಲ್ಲಿ ಟಿಕ್ ಮಾರ್ಕಿನಂಥ ಹಕ್ಕಿಗಳು. ಕಲಬುರಗಿಯಲ್ಲೂ ಇದೇ, ಸಾಗರದಲ್ಲೂ ಇದೇ. ಕಿಟಕಿಯಾಚೆ ನಿಜವಾದ ಗುಡ್ಡ ಕಾಣುವ ಶಾಲೆಯಲ್ಲೂ ಮಗು ಕಿಟಕಿಯ ಕಡೆ ತಿರುಗದೆ ಈ ಗುಡ್ಡ ಬರೆಯುತ್ತದೆ. ಯಾರೋ ಬೋರ್ಡ್ ಮೇಲೆ ಬರೆದರು, ನಲವತ್ತು ಮಕ್ಕಳು ನಕಲು ಮಾಡಿದರು, ಅವರು ದೊಡ್ಡವರಾಗಿ ಮತ್ತೆ ಬೋರ್ಡ್ ಮೇಲೆ ಬರೆದರು. ಬೋರ್ಡ್ ಮೇಲೆ ಬರೆದು ಕಾಪಿ ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಬೇರೇನೂ ಮಾಡದಿದ್ದರೂ ಪರವಾಗಿಲ್ಲ, ಇದೊಂದು ಮಾಡಿ.

ಮಗು ತಾನಾಗಿ ಬರೆಯುವ ಚಿತ್ರಕ್ಕೆ ಅದರದೇ ಲೆಕ್ಕ ಇರುತ್ತದೆ. ವಿಯೆನ್ನಾದಲ್ಲಿ ಕುರುಡು ಮಕ್ಕಳಿಗೆ ಕಲೆ ಕಲಿಸಿ, ಆಮೇಲೆ ಅಮೆರಿಕದಲ್ಲಿ ನೆಲೆಸಿದ ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲಿ ಮಕ್ಕಳ ಚಿತ್ರದ ಹಂತಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಅವರು ಹೇಳಿದ ಹಂತಗಳನ್ನು ನೀವು ನಿಮ್ಮ ಒಂದನೇ, ಎರಡನೇ ತರಗತಿಗಳಲ್ಲೇ ನೋಡಬಹುದು. ಮಗು ಅಮ್ಮನನ್ನು ಮನೆಗಿಂತ ದೊಡ್ಡದಾಗಿ ಬರೆಯುತ್ತದೆ. ಅಳತೆ ಗೊತ್ತಿಲ್ಲ ಅಂತಲ್ಲ, ಅಮ್ಮ ಅಷ್ಟು ಮುಖ್ಯ ಅಂತ. ಗಬ್ಬದ ಹಸುವಿನ ಹೊಟ್ಟೆಯೊಳಗೆ ಕರು ಕಾಣುವ ಹಾಗೆ ಬರೆಯುತ್ತದೆ. ಕಾಣುವುದಿಲ್ಲ ಅಂತ ಅದಕ್ಕೂ ಗೊತ್ತು, ಆದರೆ ಒಳಗೆ ಇದೆಯಲ್ಲ, ಅಂದ ಮೇಲೆ ಬರೆಯಬೇಕು. ಪುಟದ ಕೆಳಗೆ ಒಂದು ನೆಲದ ಗೆರೆ ಎಳೆದು ಎಲ್ಲರನ್ನೂ ಅದರ ಮೇಲೆ ನಿಲ್ಲಿಸುತ್ತದೆ. ಇವು ತಪ್ಪುಗಳಲ್ಲ, ಬೆಳವಣಿಗೆಯ ಗುರುತುಗಳು. ಅದರ ಮೇಲೆ ನಿಮ್ಮ ಪೆನ್ಸಿಲ್ ಓಡಿಸಬೇಡಿ. 'ಇದೇನಿದು?' ಅಂತ ಕೇಳುವ ಬದಲು 'ಇದರ ಕಥೆ ಹೇಳು' ಅನ್ನಿ. ಮೊದಲನೆಯ ಪ್ರಶ್ನೆಗೆ ಮಗು ಹೆದರುತ್ತದೆ, ಎರಡನೆಯದಕ್ಕೆ ಹತ್ತಿರ ಬಂದು ಕೂರುತ್ತದೆ.

ಬಣ್ಣಕ್ಕೆ ದುಡ್ಡಿಲ್ಲ ಅನ್ನುತ್ತೀರಿ. ನಿಜ, ಅನುದಾನ ಕಮ್ಮಿ. ಆದರೆ ನಮ್ಮ ಸಾಗರ, ಸೊರಬದ ಕಡೆ ದೀವರ ಸಮುದಾಯದವರ ಮನೆಗೋಡೆಗಳ ಹಸೆ ಚಿತ್ತಾರ ನೋಡಿ. ಕೆಮ್ಮಣ್ಣಿನ ಗೋಡೆ, ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರುಗೆ ಕಾಯಿಯ ಹಳದಿ. ಕುಂಚ ಪುಂಡಿ ನಾರಿನದು. ಅಂಗಡಿಯಿಂದ ತಂದದ್ದು ಏನೂ ಇಲ್ಲ. ಚಿತ್ತಾರ ಬರೆಯುವ ಅಜ್ಜಿ ನಿಮ್ಮ ಶಾಲೆಯ ಯಾವುದೋ ಮಗುವಿನ ಮನೆಯಲ್ಲೇ ಇರಬಹುದು. ಅವರನ್ನು ಒಂದು ದಿನ ಶಾಲೆಗೆ ಕರೆಯಿರಿ, ಕುರ್ಚಿ ಕೊಟ್ಟು ಕೂರಿಸಿ. ಅವರು ಹೇಳಿದ್ದನ್ನು ನೀವೂ ಮಕ್ಕಳ ಜೊತೆ ಕೂತು ಕಲಿಯಿರಿ. ಶಾಲೆಗೆ ಬರಲು ಸಂಕೋಚಪಡುತ್ತಿದ್ದ ಅಜ್ಜಿ ಮೇಷ್ಟ್ರಾಗಿ ಬಂದದ್ದನ್ನು ಮೊಮ್ಮಗಳು ನೋಡುತ್ತಾಳಲ್ಲ, ಅದನ್ನು ಯಾವ ಪುಸ್ತಕವೂ ಕೊಡಲಾರದು.

ಗೊಂಬೆಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಳೆಯ ಕಾಲುಚೀಲ, ಪೇಪರ್, ಒಂದು ಬಿಳಿ ಪಂಚೆ, ಒಂದು ಟಾರ್ಚ್ ಇದ್ದರೆ ಸಾಕು. ತೊಗಲು ಗೊಂಬೆಯವರು ತೆಳ್ಳಗೆ ಮಾಡಿದ ಚರ್ಮಕ್ಕೆ ಬಣ್ಣ ಹಾಕಿ ದೀಪದ ಮುಂದೆ ಹಿಡಿದು ಇಡೀ ರಾಮಾಯಣ ಆಡುತ್ತಾರೆ. ನೀವು ರಟ್ಟಿನಲ್ಲಿ ಒಂದು ಕಾಗೆ, ಒಂದು ನರಿ ಕತ್ತರಿಸಿ. ಮಾತು ತೊದಲುವ ಮಗುವಿಗೆ ಪರದೆಯ ಹಿಂದಿನ ಜಾಗ ಕೊಟ್ಟು ನೋಡಿ. ಎಲ್ಲರ ಕಣ್ಣು ಗೊಂಬೆಯ ಮೇಲಿರುತ್ತದೆ, ತನ್ನ ಮೇಲಿಲ್ಲ ಅನ್ನುವ ಧೈರ್ಯ ಬಹಳ ಕೆಲಸ ಮಾಡುತ್ತದೆ.

ಎಲ್ಲವನ್ನೂ ಮಕ್ಕಳೇ ಹುಟ್ಟಿಸಲಿ, ನಾವು ಏನೂ ಕಲಿಸುವುದು ಬೇಡ ಅಂತ ನಾನು ಹೇಳುತ್ತಿದ್ದೇನೆ ಅಂತ ತಿಳಿಯಬೇಡಿ. ಉಡುಪಿ ಕಡೆ ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಲ್ಲಿ ಯಕ್ಷಗಾನ ಕಲಿಸುತ್ತದೆ. ಸಾಲಿಗ್ರಾಮ ಮಕ್ಕಳ ಮೇಳ ಎಷ್ಟೋ ವರ್ಷದಿಂದ ಮಕ್ಕಳಿಂದಲೇ ಪ್ರಸಂಗ ಆಡಿಸುತ್ತಿದೆ. ತಾಳ, ಹೆಜ್ಜೆ, ಅರ್ಥಗಾರಿಕೆ, ಇವು ಗುರುವಿನಿಂದ ಬರಬೇಕಾದವು. ಅಲ್ಲೂ ಒಂದು ಮಗು ಪದ್ಯ ಕೇಳಿ ತನ್ನ ಮಾತಿನಲ್ಲಿ ಅರ್ಥ ಹೇಳಲು ಕಲಿಯುತ್ತದೆ, ಅದು ಸಣ್ಣ ವಿದ್ಯೆಯಲ್ಲ. ಹತ್ತಿರದಲ್ಲಿ ಅಂಥ ಗುರುಗಳಿದ್ದರೆ ಬಿಡಬೇಡಿ.

ಈಗ ಸ್ವಲ್ಪ ಕಹಿಯಾದ ವಿಷಯ. ಪಾತ್ರ ಹಂಚುವಾಗ ನಮ್ಮ ಕೈ ಎತ್ತ ಹೋಗುತ್ತದೆ ಅಂತ ನೋಡಿಕೊಂಡಿದ್ದೇವಾ? ಬೆಳ್ಳಗಿರುವ ಹುಡುಗಿ ಸೀತೆ. ಕಪ್ಪಗೆ, ದಪ್ಪಗೆ ಇರುವ ಹುಡುಗ ರಾಕ್ಷಸ. ಯಾವ ಮನೆಯ ಮಗು ಪೂಜಾರಿಯಾಗುತ್ತದೆ, ಯಾವ ಮನೆಯ ಮಗು ಕಸ ಗುಡಿಸುವ ಪಾತ್ರ ಮಾಡುತ್ತದೆ? ಊರಿನ ಜಾತಿಯೇ ಪಾತ್ರಪಟ್ಟಿಯಾಗಿ ಶಾಲೆಯೊಳಗೆ ಬಂದಿರುತ್ತದೆ. ನಗಿಸುವುದಕ್ಕೆ ಅಂತ ಕುಂಟನನ್ನು, ಕಿವುಡನನ್ನು ತರುತ್ತೇವೆ, ಅಂಥ ಮಗು ನಮ್ಮ ಕ್ಲಾಸಿನಲ್ಲೇ ಕೂತಿರುತ್ತದೆ. ಆ ಮಕ್ಕಳು ಇದನ್ನು ಜೀವಮಾನವಿಡೀ ಮರೆಯುವುದಿಲ್ಲ. ಪಾತ್ರಗಳನ್ನು ಚೀಟಿ ಎತ್ತಿಸಿ ಕೊಡಿ. ಒಂದೇ ಪಾತ್ರವನ್ನು ದೃಶ್ಯಕ್ಕೊಬ್ಬರಂತೆ ಮಾಡಿಸಿ, ಒಂದು ಟವೆಲ್ ಕೈ ಬದಲಾದರೆ ರಾಜನೂ ಬದಲಾದ. ಹುಡುಗಿಯರು ಹುಲಿಯಾಗಲಿ, ಹುಡುಗರು ಪುಣ್ಯಕೋಟಿಯಾಗಲಿ. ಇದರಲ್ಲಿ ಮಾತ್ರ ನಾವು ಸಡಿಲ ಬಿಡಬಾರದು.

ಪೋರ್ಷನ್ ಮುಗಿಯುವುದಿಲ್ಲ ಅನ್ನುವ ಚಿಂತೆ ನಿಮಗಿದೆ, ಗೊತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿಯವರೆಗೆ ಕಲೆ ಕಡ್ಡಾಯವಾಗಿ ಇರಬೇಕು ಅಂದಿತ್ತು. 2020ರ ಶಿಕ್ಷಣ ನೀತಿಯೂ ಪಾಠದ ಜೊತೆಗೇ ಕಲೆ ಬೆರೆಯಬೇಕು ಅನ್ನುತ್ತದೆ. ಅಂದರೆ ಕಾಗದದ ಮೇಲೆ ಜಾಗ ಇದೆ. ಟೈಮ್‌ಟೇಬಲ್‌ನಲ್ಲೂ ಇರುತ್ತದೆ. ಜನವರಿ ಬಂದಾಗ ಗಣಿತದವರು ಆ ಪೀರಿಯಡ್ ಕೇಳುತ್ತಾರೆ, ನಾವು ಕೊಡುತ್ತೇವೆ. ಕೊಡಬೇಡಿ. ಹೆಡ್‌ಮಾಸ್ಟರ್‌ಗೆ ಗಲಾಟೆ ಕೇಳಿಸಿದರೆ ಅವರನ್ನೂ ಒಳಗೆ ಕರೆದು ಓಣಿಯಲ್ಲಿ ನಿಲ್ಲಿಸಿ.

ಹೈಸ್ಕೂಲಿನವರು ಕೇಳುತ್ತಿದ್ದೀರಿ, ಹಸು, ಹುಲಿ ಎಲ್ಲ ನಮ್ಮ ಮಕ್ಕಳಿಗೆ ಹೊಂದುವುದಿಲ್ಲ ಅಂತ. ಸರಿ, ನಮ್ಮ ಜಿಲ್ಲೆಯದೇ ಒಂದು ವಸ್ತು ಕೊಡುತ್ತೇನೆ. ಶಿಕಾರಿಪುರ ತಾಲ್ಲೂಕಿನ ಈಸೂರು. 1942ರಲ್ಲಿ ಆ ಊರಿನವರು ನಮ್ಮದು ಸ್ವತಂತ್ರ ಊರು ಅಂತ ಸಾರಿದರು, ವೀರಭದ್ರನ ಗುಡಿಯ ಮೇಲೆ ಬಾವುಟ ಹಾರಿಸಿದರು. ತಮ್ಮದೇ ಸರ್ಕಾರ ಮಾಡಿಕೊಂಡು, ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್‌ಇನ್‌ಸ್ಪೆಕ್ಟರ್ ಅಂತ ನೇಮಿಸಿದರು. ಸರ್ಕಾರದ ಅಧಿಕಾರಿಗಳು ಬಂದಾಗ ಘರ್ಷಣೆ ಆಯಿತು, ಸರ್ಕಾರದ ಕಡೆಯ ಅಮಲ್ದಾರರೂ ಸಬ್‌ಇನ್‌ಸ್ಪೆಕ್ಟರೂ ಸತ್ತರು. 1943ರಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ಹೆಂಗಸರೂ ಜೈಲು ಸೇರಿದರು.

ಒಂಬತ್ತನೇ ತರಗತಿಯ ಹುಡುಗನಿಗೆ, ಒಬ್ಬ ಹುಡುಗನನ್ನೇ ಅಮಲ್ದಾರ ಮಾಡಿದ್ದರು ಅಂತ ಹೇಳಿ ನೋಡಿ, ಅವನು ಹೇಗೆ ನೆಟ್ಟಗೆ ಕೂರುತ್ತಾನೆ. ಬಾವುಟ ಹಾರಿಸುವ ಹಿಂದಿನ ರಾತ್ರಿ ಊರಿನ ಜನ ಸೇರಿದ್ದಾರೆ ಅಂತ ಇಟ್ಟುಕೊಳ್ಳಿ. ಇಡೀ ತರಗತಿ ಆ ಸಭೆ. ಹೊಲ ಕಟಾವಿಗೆ ಬಂದ ರೈತ ಇದ್ದಾನೆ, ಮಗನನ್ನು ಕಳಿಸಲು ಒಪ್ಪದ ತಾಯಿ ಇದ್ದಾಳೆ, ಸರ್ಕಾರಿ ಕೆಲಸದ ನೆಂಟನಿರುವ ಮನೆಯವರಿದ್ದಾರೆ, ಹಟ ಹಿಡಿದ ಹುಡುಗರಿದ್ದಾರೆ. ಮೊದಲೇ ತೀರ್ಮಾನ ಹೇಳಿಕೊಡಬೇಡಿ. ವಾದ ನಡೆಯಲಿ. ಆಮೇಲೆ ಘರ್ಷಣೆಯ ಮಾರನೇ ದಿನದ ಸಭೆ. ಅದರಲ್ಲಿ ಸತ್ತ ಅಧಿಕಾರಿಯ ಮನೆಯವರ ಕುರ್ಚಿಯೂ ಒಂದಿರಲಿ. ಹೊಡೆದಾಟವನ್ನು ಮಾತ್ರ ಆಡಿಸಬೇಡಿ. ಅದನ್ನು ಅಲುಗಾಡದ ಒಂದು ನೋಟದಲ್ಲಿ ನಿಲ್ಲಿಸಿ ಸಾಕು, ಇಲ್ಲದಿದ್ದರೆ ಮಕ್ಕಳು ಸಿನಿಮಾ ಫೈಟಿಂಗ್‌ಗೆ ಇಳಿಯುತ್ತಾರೆ.

ಇಷ್ಟಾದ ಮೇಲೆ ಮಕ್ಕಳನ್ನು ಈಸೂರಿಗೆ ಕರೆದುಕೊಂಡು ಹೋಗಿ. ನಾಟಕ ಕಟ್ಟುವ ಮೊದಲೇ ಹೋದರೆ ಸ್ಮಾರಕದ ಮುಂದೆ ಫೋಟೋ ತೆಗೆಸಿಕೊಂಡು ಬರುತ್ತಾರೆ. ಕಟ್ಟಿದ ಮೇಲೆ ಹೋದರೆ ಅಲ್ಲಿನ ಹಿರಿಯರ ಹತ್ತಿರ ಕೂತು ಕೇಳುವುದಕ್ಕೆ ಅವರ ಬಳಿ ಪ್ರಶ್ನೆಗಳಿರುತ್ತವೆ. ನೋಟ್‌ಬುಕ್ ತೆಗೆದುಕೊಂಡು ಹೋಗಲು ಹೇಳಿ, ಹಿಂದಿರುಗಿ ಬಂದ ಮೇಲೆ ನಾಟಕದಲ್ಲಿ ಏನು ಬದಲಾಗಬೇಕು ಅಂತ ಅವರನ್ನೇ ಕೇಳಿ.